ಹೊಡೆಯದೆ ಬಿಟ್ಟ ಕುದುರೆ

ಮಾವನವರ ಕೈಯಲ್ಲಿದ್ದ ಆನೆಯನ್ನು ನಾನು ಕಿತ್ತುಕೊಂಡಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಓದುತ್ತಾ ಹೋದ ಹಾಗೆ ನಾನು ಬಹಳ ಒಳ್ಳೆಯ ಸೊಸೆಯೆಂದು ನಿಮಗೆ ಅನ್ನಿಸಿಬಿಡಬಹುದು. ಆನೆ ಎಂದರೆ ಚದುರಂಗದ ಆನೆ, ಹೆಬ್ಬೆರಳಿನಷ್ಟು ಎತ್ತರದ್ದು. ಆದರೆ ಮಾತು ನಿಂತುಹೋದ ಮನುಷ್ಯನ ಕೈಯಿಂದ ಕಿತ್ತುಕೊಂಡದ್ದು ಎಷ್ಟು ಎತ್ತರದ್ದಾದರೇನು?

ನಾನು ಸುಳ್ಯದ ಕಡೆಯವಳು. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿದ್ದಾಗ ಮದುವೆಯಾಗಿ ಪುತ್ತೂರಿಗೆ ಬಂದೆ. ರಸ್ತೆಗೆ ಮುಖ ಮಾಡಿ ಹೊಲಿಗೆ ಅಂಗಡಿ, ಅದರ ಹಿಂದೆ ಎರಡು ಕೋಣೆ ಮತ್ತು ಅಡುಗೆಮನೆ. ಅಂಗಡಿ ಮಾವನವರದ್ದು. ಬೇಸಾಯದ ಮನೆಯಲ್ಲಿ ಹುಟ್ಟಿ ಹೊಲಿಗೆ ಮಿಷನ್ ಮುಂದೆ ಕುಳಿತವರೆಂದು ನನ್ನ ತವರಿನಲ್ಲಿ ಸಣ್ಣಗೆ ಮೂಗು ಮುರಿದದ್ದೂ ಉಂಟು. ಪುತ್ತೂರಿನ ಕೋರ್ಟಿನಲ್ಲಿ ಅರ್ಧಕ್ಕರ್ಧ ವಕೀಲರು ತೊಡುವ ಕರಿಕೋಟು ಇವರೇ ಹೊಲಿದದ್ದೆಂದು ಗೊತ್ತಾದ ಮೇಲೆ ಮುರಿದ ಮೂಗುಗಳು ನೆಟ್ಟಗಾದವು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ನಾನು, ಮೂರೇ ಜನ. ಗಂಡನ ಅಕ್ಕನನ್ನು ಕಡಬಕ್ಕೆ ಮದುವೆ ಮಾಡಿ ಕೊಟ್ಟಿದ್ದರು.

ಮಾವನವರಿಗೆ ಎರಡು ವಿಷಯದಲ್ಲಿ ಊರಲ್ಲೆಲ್ಲ ಹೆಸರು. ಒಂದು, ಕೋಟಿನ ಹೊಲಿಗೆ. ಇನ್ನೊಂದು, ಹೇಳಿದ ದಿನಕ್ಕೆ ಬಟ್ಟೆ ಕೊಡದೆ ಇರುವುದು. ಯಾರು ಬಂದು ಕೇಳಿದರೂ ತಲೆ ಎತ್ತದೆ "ನಾಳೆ" ಎನ್ನುತ್ತಿದ್ದರು. ಮದುಮಗನಿಗೂ ನಾಳೆ, ಮುನ್ಸೀಫರ ಜವಾನನಿಗೂ ನಾಳೆ. ಸಂಜೆ ಕೋರ್ಟು ಬಿಡುವ ಹೊತ್ತಿಗೆ ಮಾತ್ರ ಎಲ್ಲ ಕೆಲಸ ಬದಿಗಿಟ್ಟು ಅಂಗಡಿಯ ಬೆಂಚಿನ ಮೇಲೆ ಚದುರಂಗ ಹಾಸುತ್ತಿದ್ದರು. ಜೊತೆಗಾರರು ಕೆದಂಬಾಡಿಯವರು, ಕೋರ್ಟಿನ ಅಮೀನರು. ಹಳ್ಳಿಹಳ್ಳಿಗೆ ನಡೆದುಹೋಗಿ ಸಮನ್ಸು ಮುಟ್ಟಿಸುವ ಕೆಲಸ ಅವರದ್ದು. ಚದುರಂಗದ ಹಾಸು ಮಾವನವರೇ ಖಾಕಿ ಮತ್ತು ಬಿಳಿ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದದ್ದು. ಕಾಯಿಗಳು ಮರದವು. ಕಪ್ಪು ಕುದುರೆಯೊಂದು ಎಂದೋ ಕಳೆದುಹೋಗಿ, ಅದರ ಬದಲಿಗೆ ನೂಲು ಮುಗಿದ ಮರದ ರೀಲೊಂದು ಕುದುರೆಯಾಗಿತ್ತು.

ನಾನು ಬಂದ ಮೊದಲ ವಾರದಲ್ಲಿ, ಬಾಗಿಲ ಸಂದಿನಿಂದ ಅವರಿಬ್ಬರ ಆಟ ನೋಡುತ್ತಿದ್ದದ್ದು ಮಾವನವರ ಕಣ್ಣಿಗೆ ಬಿತ್ತು.

"ಗೊತ್ತುಂಟಾ ಆಡ್ಲಿಕ್ಕೆ?" ಎಂದರು.

"ಉಂಟು ಮಾವ, ಅಣ್ಣ ಕಲಿಸಿದ್ದಾನೆ."

"ಹಾಗಾದ್ರೆ ನಾಳೆ ಆಡುವ."

ನಾನು ನಂಬಿದೆ. ಹೊಸಬಳಲ್ಲವೇ? ಆ ನಾಳೆ ಬರಲೇ ಇಲ್ಲ. ಎರಡನೆಯ ವರ್ಷ ಒಂದು ಬೆಳಿಗ್ಗೆ ಬಟ್ಟೆ ಕತ್ತರಿಸುತ್ತಿದ್ದವರ ಕೈಯಿಂದ ಕತ್ತರಿ ಜಾರಿ ಬಿತ್ತು. ಬಲಗೈ, ಬಲಗಾಲು ಎರಡೂ ಸೋತವು. ಮಂಗಳೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಬಂದ ಮೇಲೆ ಕಾಲೆಳೆದುಕೊಂಡು ನಾಲ್ಕು ಹೆಜ್ಜೆ ನಡೆಯುವಷ್ಟಾಯಿತು. ಮಾತು ಬರಲಿಲ್ಲ. ಇದ್ದ ಮಾತುಗಳೆಲ್ಲ ಹೋಗಿ ಒಂದೇ ಒಂದು ಉಳಿದುಕೊಂಡಿತು. ಅದೇ, ನಾಳೆ. ಕಾಫಿ ಬೇಕಾ ಎಂದರೆ ನಾಳೆ. ನೋವುಂಟಾ ಎಂದರೆ ನಾಳೆ. ಇವನು ಯಾರು ಗೊತ್ತಾಯಿತಾ ಎಂದು ಮಗನನ್ನು ತೋರಿಸಿದರೂ ನಾಳೆ. ತಲೆ ಎಲ್ಲದಕ್ಕೂ ಒಂದೇ ರೀತಿ ಹೌದು ಹೌದು ಎಂದು ಆಡುತ್ತಿತ್ತು. ಸಾವಿನ ಸುದ್ದಿ ಕೇಳಿ ನಗು ಬರುತ್ತಿತ್ತು, ಗುರುತಿನವರ ಮುಖ ಕಂಡರೆ ಅಳು. ಅಮೀನರು ಒಮ್ಮೆ ನೋಡಲು ಬಂದರು. ಅವರನ್ನು ಕಂಡದ್ದೇ ಮಾವನವರು ಗೊಳೋ ಎಂದು ಅತ್ತರು. ಅಮೀನರು ತಡೆಯಲಾರದೆ ಕೊಡೆ ಮರೆತು ಹೊರಟುಹೋದವರು ಮತ್ತೆ ಬರಲಿಲ್ಲ.

ಹೀಗಾಗಿ ನಾವು ಅವರನ್ನು ಏನನ್ನೂ ಕೇಳುವುದನ್ನೇ ಬಿಟ್ಟೆವು. ಕೇಳಿ ಏನು ಪ್ರಯೋಜನ? ಸ್ನಾನದ ಹೊತ್ತಿಗೆ ಎಬ್ಬಿಸುವುದು, ಊಟದ ಹೊತ್ತಿಗೆ ಕೂರಿಸುವುದು, ಕಾಫಿ ಮಾಡಿ ಎದುರಿಗೆ ಇಡುವುದು. ಬಂದವರು ಅವರ ಎದುರಿಗೇ ನಿಂತು, "ತಿಂತಾರಾ? ನಿದ್ರೆ ಬರ್ತದಾ?" ಎಂದು ನನ್ನನ್ನು ಕೇಳುತ್ತಿದ್ದರು. ನಾನೂ ಹೇಳುತ್ತಿದ್ದೆ.

ಕಡಬದಿಂದ ಅತ್ತಿಗೆ, ಅಂದರೆ ಗಂಡನ ಅಕ್ಕ, ಬಂದರು. ಅವರದ್ದು ಕೆಟ್ಟ ಮನಸ್ಸಲ್ಲ. ಅಪ್ಪನನ್ನು ಅಂಗಡಿಗೆ ಬರುವ ಜನ ಬೊಂಬೆ ನೋಡಿದ ಹಾಗೆ ನೋಡುವುದನ್ನು ಅವರಿಗೆ ಸಹಿಸಲಾಗಲಿಲ್ಲ.

"ನಮ್ಮಲ್ಲಿ ಜಾಗ ಉಂಟು, ಜನ ಉಂಟು. ಕರ್ಕೊಂಡು ಹೋಗ್ತೇನೆ" ಎಂದರು.

ಗಂಡ ಅಂಗಡಿ, ಅಪ್ಪ ಎರಡನ್ನೂ ನೋಡಿ ನೋಡಿ ಬಡಕಲಾಗಿದ್ದರು. ಆದರೂ ಮನಸ್ಸು ಗಟ್ಟಿ ಮಾಡಿಕೊಳ್ಳಲು ಅವರಿಗೆ ಬಹಳ ದಿನ ಹಿಡಿಯಿತು. ಕೊನೆಗೆ ನನ್ನ ಹತ್ತಿರ ಹೇಳಿದರು. "ಅಪ್ಪನಿಗೆ ಇದು ಪುತ್ತೂರಾ ಕಡಬವಾ ಅಂತ ಗೊತ್ತಾಗುದಿಲ್ಲ. ಗೊತ್ತಾಗ್ತದೆ ಅಂತ ನನಗೆ ಒಂದು ಸಲ ಅನ್ನಿಸಿದ್ರೂ ಸಾಕು, ಕಳಿಸುದಿಲ್ಲ."

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಆ ದಿನ ಕೋಪಕ್ಕಿಂತ ಹಟ ಬಂತು. ಯಾಕೆಂದರೆ ನಾನೊಂದು ನೋಡಿದ್ದೆ. ಗಂಡ ಹೊಲಿದ ಅಂಗಿಯೊಂದನ್ನು ಮಡಚಿ ಇಟ್ಟಿದ್ದಾಗ ಮಾವನವರು ಎಡಗೈ ಹೆಬ್ಬೆರಳಿನಿಂದ ಅದರ ಕಾಲರಿನ ಹೊಲಿಗೆಯನ್ನು ಉದ್ದಕ್ಕೂ ಸವರಿ ಮುಖ ಸಿಂಡರಿಸಿದ್ದರು. ಹೊಲಿಗೆ ಒಂದು ಕಡೆ ಸೊಟ್ಟಗಿತ್ತು. ಬುದ್ಧಿ ಹೋದವರಿಗೆ ಹಾಗೆ ಮುಖ ಸಿಂಡರಿಸಲು ಬರುತ್ತದೆಯೇ? ಗಂಡನಿಗೆ ಹೇಳಿದರೆ, "ಹೊಲಿಗೆ ಸೊಟ್ಟ ಅಂತ ಹೇಳ್ಲಿಕ್ಕೆ ನಿನಗೊಂದು ನೆವ" ಎಂದು ನಕ್ಕುಬಿಟ್ಟರು.

ಮಾರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಚದುರಂಗದ ಹಾಸು ತೆಗೆದೆ.

ಮೊದಲ ದಿನ ಎಲ್ಲ ಕಾಯಿಗಳನ್ನೂ ಜೋಡಿಸಿ ತಪ್ಪು ಮಾಡಿದೆ. ಅಷ್ಟು ಕಾಯಿಗಳ ನಡುವೆ ಅವರ ಎಡಗೈ ನಡುಗುತ್ತಾ ಹೋಗಿ ಎಲ್ಲವನ್ನೂ ಬೀಳಿಸಿತು. ಅವರು ಕಣ್ಣು ಮುಚ್ಚಿಕೊಂಡರು. ಎರಡನೆಯ ದಿನ ನಾಲ್ಕೇ ಕಾಯಿ ಇಟ್ಟೆ. ಅವರಿಗೆ ಬಿಳಿಯ ರಾಜ ಮತ್ತು ಒಂದು ಆನೆ. ನನಗೆ ಕಪ್ಪು ರಾಜ ಮತ್ತು ಆ ರೀಲಿನ ಕುದುರೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈಯ ಎರಡು ಬೆರಳಿನಲ್ಲಿ ಆನೆಯನ್ನು ಹಿಡಿದು ನೇರ ಗೆರೆಯಲ್ಲಿ ತಳ್ಳಿಕೊಂಡು ಹೋಗಿ ನನ್ನ ರಾಜನಿಗೆ ಶಹ ಕೊಟ್ಟರು. "ನಾಳೆ" ಎಂದರು. ನನಗೆ ಎದ್ದು ಕುಣಿಯಬೇಕೆನ್ನಿಸಿತು.

ಮಂಗಳೂರಿನಲ್ಲಿ ಓದುತ್ತಿದ್ದ ನನ್ನ ಅಣ್ಣ ಇಂಗ್ಲಿಷ್ ಪುಸ್ತಕ ನೋಡಿ ಚದುರಂಗ ಕಲಿತವನು, ನನಗೂ ಕಲಿಸಿದವನು. ಒಂದು ಕಡೆ ಆನೆ, ಇನ್ನೊಂದು ಕಡೆ ಕುದುರೆ ಮಾತ್ರ ಉಳಿದರೆ ಏನು ಮಾಡಬೇಕೆಂದು ಅವನು ಹೇಳಿಕೊಟ್ಟದ್ದು ಚೆನ್ನಾಗಿ ನೆನಪಿತ್ತು. ಕುದುರೆ ತನ್ನ ರಾಜನನ್ನು ಬಿಟ್ಟು ದೂರ ಹೋಗಬಾರದು. ಹತ್ತಿರ ಇದ್ದಷ್ಟು ಕಾಲ ಆನೆ ಎಷ್ಟು ಅಬ್ಬರಿಸಿದರೂ ಗೆಲ್ಲುವುದಿಲ್ಲ. ದೂರ ಹೋದರೆ ಅಪಾಯ, ಮೂಲೆಗೆ ಹೋದರೆ ಮುಗಿಯಿತು. ಆನೆ ಬಂದು ಹೊಡೆಯುತ್ತದೆ, ಆಮೇಲೆ ಒಂಟಿ ರಾಜನನ್ನು ಮೂಲೆಗಟ್ಟುವುದು ಮಕ್ಕಳ ಆಟ. ಹಾಗಾಗಿ ದಿನಾ ಮಧ್ಯಾಹ್ನ ನಾನು ಕುದುರೆಯನ್ನು ರಾಜನ ಪಕ್ಕದಲ್ಲೇ ಇಟ್ಟುಕೊಂಡು ಆಡಿದೆ. ಮಾವನವರು ಅವೆರಡನ್ನು ಬೇರೆ ಮಾಡಲು ಆ ಕಡೆಯಿಂದ, ಈ ಕಡೆಯಿಂದ ಆನೆ ನುಗ್ಗಿಸಿದರು. ಮೂರು ವಾರ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಮೂರು ವಾರದಲ್ಲಿ ಅವರ ಎಡಗೈಯ ನಡುಕ ಕಡಿಮೆಯಾದದ್ದು ನಿಜ.

ಗಂಡ ಮಾತ್ರ ಒಪ್ಪಲಿಲ್ಲ. "ಅದು ಕೈಗೆ ಇರುವ ಅಭ್ಯಾಸ. ಮಿಷನ್ ಮುಂದೆ ಕೂರಿಸಿದ್ರೆ ಕಾಲು ತುಳೀತದೆ, ಗೊತ್ತುಂಟಾ? ಅದಕ್ಕೆ ಬುದ್ಧಿ ಬೇಕಂತ ಇಲ್ಲ."

"ಗೆದ್ದು ತೋರಿಸಿದ್ರೆ?"

"ಗೆದ್ರೆ ನೋಡುವ" ಎಂದರು.

ಆಗ ನನಗೆ ಆ ಉಪಾಯ ಹೊಳೆಯಿತು. ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ. ಆದಿತ್ಯವಾರ ಅಂಗಡಿಗೆ ರಜೆ. ಗಂಡನನ್ನು ಪಕ್ಕದಲ್ಲಿ ಕೂರಿಸಿ, ಬೇಕೆಂದೇ ಕುದುರೆಯನ್ನು ಮಾವನವರಿಗೆ ಬಿಟ್ಟುಕೊಡುವುದು. ಅವರು ಅದನ್ನು ಹೊಡೆದರೆ ಸಾಕು. ಅಷ್ಟು ಕಂಡರೆ ಗಂಡ ನಂಬುತ್ತಾರೆ, ಕಡಬದ ಮಾತು ಅಲ್ಲಿಗೆ ನಿಲ್ಲುತ್ತದೆ.

ಆದಿತ್ಯವಾರ ಬೆಳಿಗ್ಗೆ ಕೂತೆವು. ನಾಲ್ಕೈದು ನಡೆಯಲ್ಲಿ ನನ್ನ ಕುದುರೆಯನ್ನು ಮಾವನವರ ಬಲಗೈ ಬದಿಯ ಮೂಲೆಗೆ ಒಯ್ದು ನಿಲ್ಲಿಸಿದೆ. ನನ್ನ ರಾಜ ನನ್ನ ಕಡೆಯ ಕೊನೆಯ ಸಾಲಿನಲ್ಲಿ, ಅಲ್ಲಿಂದ ಬಹು ದೂರ. ಮಾವನವರ ಆನೆ ಕುದುರೆ ಇದ್ದ ಅದೇ ಉದ್ದ ಸಾಲಿಗೆ ಬಂತು. ನಡುವೆ ಏನೂ ಇಲ್ಲ. ನಾನು ಗಂಡನ ಕಡೆ ನೋಡಿ ಹುಬ್ಬು ಹಾರಿಸಿದೆ. ಸುಮ್ಮನೆ ನನ್ನ ರಾಜನನ್ನು ಒಂದು ಮನೆ ಸರಿಸಿದೆ.

ಮಾವನವರು ಕುದುರೆಯನ್ನು ಹೊಡೆಯಲಿಲ್ಲ. ತಮ್ಮ ರಾಜನನ್ನು ಒಂದು ಮನೆ ಮುಂದಕ್ಕೆ ನಡೆಸಿದರು.

ಇರಲಿ, ನೋಡಿಲ್ಲವೆಂದು ಮತ್ತೆ ರಾಜನನ್ನೇ ಸರಿಸಿದೆ. ಅವರು ಮತ್ತೆ ರಾಜನನ್ನೇ ನಡೆಸಿದರು. ಗಂಡ ಉಸಿರು ಬಿಟ್ಟದ್ದು ಕೇಳಿಸಿತು. ಕುದುರೆಯನ್ನೇ ನೋಡುತ್ತಾ, ರಾಜನನ್ನು ಎಲ್ಲಿಗೆ ಇಡುತ್ತಿದ್ದೇನೆಂಬುದನ್ನೂ ಗಮನಿಸದೆ ಎತ್ತಿ ಇಟ್ಟೆ. "ಮಾವ, ಅಲ್ಲಿ ನೋಡಿ, ಮೂಲೆಯಲ್ಲಿ" ಎಂದೆ. ಹಾಗೆ ಹೇಳಿಕೊಡಬಾರದು, ಆದರೂ ಹೇಳಿಕೊಟ್ಟೆ. ಅವರು ಆನೆಯನ್ನು ಎತ್ತಿದರು. ಕೈ ಕುದುರೆಯ ಕಡೆಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಅದಕ್ಕೆ ಬೆನ್ನು ಹಾಕಿ ಮೆಲ್ಲನೆ ನನ್ನ ಕಡೆಗೆ ಬರತೊಡಗಿತು.

"ಸಾಕು" ಎಂದು ಗಂಡ ಎದ್ದರು. "ಎದುರಿಗೆ ಇರುದು ಕಾಣುದಿಲ್ಲ. ಸಾಕು, ಅವರಿಗೂ ಉಪದ್ರ."

ಆಗ ನಾನು ಮಾವನವರ ಕೈಯಿಂದ ಆನೆಯನ್ನು ಕಿತ್ತುಕೊಂಡೆ. ಸಿಟ್ಟು ಗಂಡನ ಮೇಲಾಗಿರಲಿಲ್ಲ, ಮಾವನವರ ಮೇಲೆಯೇ ಆಗಿತ್ತು. ಇಷ್ಟು ಸುಲಭ ಮಾಡಿಕೊಟ್ಟರೂ ಆಗಲಿಲ್ಲವಲ್ಲ ಎಂದು. ಅವರು "ನಾಳೆ, ನಾಳೆ, ನಾಳೆ" ಎಂದು ಬಾರಿ ಬಾರಿಗೂ ಹೇಳುತ್ತಾ ನನ್ನ ಮುಷ್ಟಿಯನ್ನು ಬಿಡಿಸಲು ನೋಡಿದರು. ನಾನು ಬಿಡಲಿಲ್ಲ. ಹಾಸು ಮಡಚಿ ಒಳಗಿಟ್ಟೆ. ಗಂಡ ಅದೇ ಮಧ್ಯಾಹ್ನ ಅಕ್ಕನಿಗೆ ಕಾರ್ಡು ಬರೆದರು, ಬಂದು ಕರೆದುಕೊಂಡು ಹೋಗಲಿ ಎಂದು.

ಮೂರು ದಿನ ನಾನು ಮಾವನವರ ಬಟ್ಟೆ ಒಗೆದು ಮಡಚಿದೆ. ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಕಾರ್ಡು ಉಪ್ಪಿನಂಗಡಿ, ರಾಮಕುಂಜ ದಾಟಿ ಕಡಬ ಮುಟ್ಟಿರಬೇಕು, ಅತ್ತಿಗೆ ನಾಳೆಯೋ ನಾಡಿದ್ದೋ ಬಸ್ಸು ಇಳಿಯಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಬುಧವಾರ ಸಂಜೆ ಅತ್ತಿಗೆಯ ಬದಲಿಗೆ ಅಮೀನರು ಬಂದರು. ಗೆಳೆಯನನ್ನು ಕಡಬಕ್ಕೆ ಕಳಿಸುತ್ತಾರೆಂದು ಯಾರೋ ಹೇಳಿದ್ದರಂತೆ. ಈ ಸಲ ಮಾವನವರು ಅತ್ತರೂ ಅವರು ಎದ್ದು ಹೋಗಲಿಲ್ಲ. ಪಕ್ಕದಲ್ಲಿ ಕೂತು ತಾವೂ ಕಣ್ಣು ಒರೆಸಿಕೊಂಡರು. ನಾನು ಕಾಫಿ ತಂದುಕೊಟ್ಟೆ. ಮನಸ್ಸು ತಡೆಯದೆ ಆದಿತ್ಯವಾರದ ಕಥೆಯನ್ನೂ ಹೇಳಿದೆ.

"ನಾನೇ ಕುದುರೆ ಬಿಟ್ಟುಕೊಟ್ಟೆ. ಮೂರು ಸಲ ಹೊಡೆಯುವ ಅವಕಾಶ ಇತ್ತು. ಹೊಡೀಲಿಲ್ಲ. ಇನ್ನೆಂತ ಹೇಳುದು?"

ಅಮೀನರು ಲೋಟ ಕೆಳಗಿಟ್ಟರು. "ಬೇರೆ ಎಷ್ಟು ಕಾಯಿ ಇತ್ತು ನಿನಗೆ?"

"ಅದೊಂದೇ."

"ಅದೊಂದೇ ಇದ್ದದ್ದಾ? ಹಾಗಾದ್ರೆ ಅವ ಯಾಕೆ ಹೊಡೀತಾನೆ ಮಾರಾಯ್ತಿ? ಹೊಡೆದ್ರೆ ಅರ್ಧ ಆಟ ಅಲ್ವಾ!"

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಆ ಬೆಂಚಿನ ಮೇಲೆ ಇಪ್ಪತ್ತು ವರ್ಷದಿಂದ ಅವರಿಬ್ಬರೂ ಆಡುತ್ತಿದ್ದದ್ದು ಹಳೆಯ ಕ್ರಮದ ಆಟ. ಎದುರಾಳಿಯ ಕೊನೆಯ ಕಾಯಿಯನ್ನೂ ಹೊಡೆದು ರಾಜನನ್ನು ಒಂಟಿ ಮಾಡಿದರೆ ಅದು ಗೆಲುವಲ್ಲ. ಆಟ ಅಲ್ಲಿಗೇ ನಿಂತು ಅರ್ಧ ಎಂದಾಗುತ್ತದೆ. ಪೂರ್ತಿ ಗೆಲ್ಲಬೇಕಾದರೆ ರಾಜನ ಕಡೆಯವರು ಒಬ್ಬರಾದರೂ ಹಾಸಿನ ಮೇಲೆ ಇರುವಾಗಲೇ ರಾಜನನ್ನು ಕಟ್ಟಿಹಾಕಬೇಕು.

"ಪುಸ್ತಕದಲ್ಲಿ ಹಾಗೆ ಇಲ್ಲ" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಯಾವ ಪುಸ್ತಕ? ಅದನ್ನು ಬರೆದವ ನಮ್ಮ ಬೆಂಚಲ್ಲಿ ಬಂದು ಕೂತಿದ್ದನಾ?" ಎಂದರು ಅಮೀನರು. "ಹಾಸು ತೆಗಿ. ಕಾಯಿ ಎಲ್ಲೆಲ್ಲಿ ಇತ್ತು, ಇಡು ನೋಡುವ."

ನಾಲ್ಕು ಕಾಯಿ, ಮರೆಯುವುದು ಹೇಗೆ? ಅಷ್ಟರಲ್ಲಿ ಗಂಡನೂ ಮಿಷನ್ ನಿಲ್ಲಿಸಿ ಬಾಗಿಲಿಗೆ ಬಂದಿದ್ದರು. ನಾನು ಕುದುರೆಯನ್ನು ಮೂಲೆಯಲ್ಲಿಟ್ಟೆ. ನನ್ನ ರಾಜನನ್ನು ನನ್ನ ಕಡೆಯ ಕೊನೆಯ ಸಾಲಿನ ನಡುವೆ ಇಟ್ಟೆ. ಮಾವನವರ ರಾಜ ಅದಕ್ಕೆ ನೇರ ಎದುರಿಗೆ, ನಡುವೆ ಒಂದೇ ಮನೆ ಬಿಟ್ಟು ನಿಂತಿತ್ತು. ಅದನ್ನು ಅಲ್ಲಿ ಇಟ್ಟವಳು ಇಬ್ಬರು ರಾಜರ ನಡುವಿನ ಆ ಒಂದು ಮನೆಯನ್ನು ಮತ್ತೊಮ್ಮೆ ನೋಡಿದೆ.

"ಆನೆ ಎಲ್ಲಿ?"

"ಅವರ ಕೈಯಲ್ಲಿತ್ತು" ಎಂದೆ. "ನಾನು ಕಿತ್ಕೊಂಡೆ."

ಅಮೀನರು ಮಾವನವರ ಕೈ ತೋರಿಸಿದರು. "ಹಾಗಾದ್ರೆ ಕೈಯಲ್ಲೇ ಕೊಡು."

ಮಾವನವರ ಎಡಗೈಯನ್ನು ಬಿಡಿಸಿ ಅದರಲ್ಲಿ ಆನೆಯನ್ನಿಟ್ಟೆ. ಅವರು ನನ್ನ ಮುಖ ನೋಡಲಿಲ್ಲ. ಹಾಸನ್ನೇ ನೋಡುತ್ತಿದ್ದರು. ಕೈ ಮತ್ತೆ ಹಾಗೇ ಮೆಲ್ಲನೆ, ಕುದುರೆಗೆ ಬೆನ್ನು ಹಾಕಿ, ಆ ಉದ್ದ ಸಾಲಿನಲ್ಲೇ ನೇರ ನನ್ನ ಕಡೆಗೆ ಬಂತು. ಈ ಸಲ ಯಾರೂ ತಡೆಯಲಿಲ್ಲ. ಆನೆ ನನ್ನ ರಾಜ ನಿಂತಿದ್ದ ಕೊನೆಯ ಸಾಲಿನ ತುದಿಗೆ ಬಂದು ಕೂತಿತು. ರಾಜ ಎಡಕ್ಕೂ ಹೋಗುವಂತಿಲ್ಲ, ಬಲಕ್ಕೂ ಹೋಗುವಂತಿಲ್ಲ, ಆನೆ ಕಾಯುತ್ತಿದೆ. ಮುಂದಕ್ಕೆ ಇಡುವಂತಿಲ್ಲ, ಅವರ ರಾಜ ಎದುರಿಗೇ ಇದ್ದಾನೆ. ನನ್ನ ಕುದುರೆ ಮೂಲೆಯಲ್ಲಿ ಜೀವಂತವಾಗಿ, ಯಾವ ಉಪಯೋಗಕ್ಕೂ ಬಾರದೆ ನಿಂತಿತ್ತು.

"ಪೂರ್ತಿ ಆಟ!" ಎಂದು ಅಮೀನರು ತೊಡೆ ತಟ್ಟಿದರು. "ಇವನಿಗೆ ಬುದ್ಧಿ ಇಲ್ಲ ಅಂತ ಹೇಳಿದ್ದು ಯಾರು? ನಿಮಗೆ ಇಲ್ಲ!"

ಆ ಬೈಗುಳದಷ್ಟು ಸಿಹಿಯಾದ ಮಾತನ್ನು ನಾನು ಆ ಮನೆಯಲ್ಲಿ ಕೇಳಿರಲಿಲ್ಲ. ನನಗೆ ಅಳು ಬಂತು. ಗಂಡ ಬಾಗಿಲಿನಿಂದ ಬಂದು ಅಪ್ಪನ ಎದುರು ನೆಲದ ಮೇಲೆ ಕೂತರು. ಏನೋ ಕೇಳಬೇಕೆಂದಿತ್ತು ಅವರಿಗೆ. ಆದರೆ ಹೇಗೆ ಕೇಳುವುದು? ಬಾಯಿಯಲ್ಲಿ ನಾಳೆ ಒಂದೇ, ತಲೆ ಎಲ್ಲದಕ್ಕೂ ಹೌದೆನ್ನುತ್ತದೆ.

ಗಂಡನ ಕಣ್ಣು ಹಾಸಿನ ಮೇಲೆ ಬಿತ್ತು. ಆನೆಯನ್ನೂ ರೀಲನ್ನೂ ತೆಗೆದು ಅಪ್ಪನ ಎದುರು ಪಕ್ಕಪಕ್ಕದಲ್ಲಿ ಇಟ್ಟರು.

"ಅಪ್ಪ, ಕಡಬಕ್ಕೆ ಹೋಗುದಾದ್ರೆ ಆನೆ ಮುಟ್ಟಿ. ಇಲ್ಲೇ ಇರುದಾದ್ರೆ ರೀಲು."

ಮಾವನವರು "ನಾಳೆ" ಎಂದರು. ತಲೆ ಹೌದು ಹೌದೆಂದಿತು. ಎಡಗೈ ಮಾತ್ರ ನೇರ ಹೋಗಿ ರೀಲನ್ನು ಮುಟ್ಟಿತು.

"ಒಂದು ಸಲ ಹೇಳಿದ್ದು ಸಾಕ್ಷಿ ಆಗುದಿಲ್ಲ" ಎಂದರು ಅಮೀನರು, ಕೋರ್ಟಿನ ಬುದ್ಧಿ ಎಲ್ಲಿ ಹೋಗುತ್ತದೆ? "ಅದಲುಬದಲು ಮಾಡಿ ಕೇಳು."

"ಇಲ್ಲೇ ಇರುದಾದ್ರೆ ಆನೆ, ಅಪ್ಪ. ಕಡಬಕ್ಕಾದ್ರೆ ರೀಲು."

ಕೈ ಆನೆಯನ್ನು ಮುಟ್ಟಿತು. ಮುಟ್ಟಿ ಅಲ್ಲೇ ಇದ್ದುಬಿಟ್ಟಿತು. ಗಂಡ ಆ ಕೈಯ ಮೇಲೆ ತಮ್ಮ ಹಣೆಯನ್ನಿಟ್ಟರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಮಧ್ಯಾಹ್ನದ ಬಸ್ಸಿನಲ್ಲಿ ಅತ್ತಿಗೆ ಬಂದರು. ಅವರಿಗೂ ಆನೆ, ರೀಲು ಎರಡನ್ನೂ ಇಟ್ಟು ತೋರಿಸಿದೆವು. ಅವರು ನಾಲ್ಕು ದಿನ ಇದ್ದು, ಅಪ್ಪನನ್ನು ಬೇಕಾದ್ದು ಬೇಡದ್ದು ಎಲ್ಲ ಕೇಳಿ ಕೇಳಿ ಸುಸ್ತು ಮಾಡಿ, ಒಬ್ಬರೇ ವಾಪಸು ಹೋದರು. ಮಾವನವರು ಆಮೇಲೆ ಏಳು ವರ್ಷ ಬದುಕಿದರು. ಎಡಗೈಯಲ್ಲಿ ಗುಂಡಿ ಹೊಲಿಯುವುದನ್ನು ಕಲಿತರು. ಸೊಟ್ಟ ಹೊಲಿಗೆಯನ್ನು ಹೆಬ್ಬೆರಳಿನಲ್ಲಿ ತೋರಿಸಿ ಮಗನಿಂದ ಬಿಚ್ಚಿಸಿದರು. ನನ್ನ ಹತ್ತಿರ ಅವರು ಗೆದ್ದ ಪೂರ್ತಿ ಆಟಗಳು ಎಷ್ಟೋ, ನಾನು ಗೆದ್ದದ್ದು ಅರ್ಧ ಆಟವೂ ಇಲ್ಲ.

ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಆ ಬುಧವಾರವೇ. ಅಮೀನರು ಹೊರಡುವ ಮುಂಚೆ ಎಲ್ಲರಿಗೂ ಇನ್ನೊಂದು ಕಾಫಿಯಾಗಲಿ ಎಂದು ನಾನು ಎದ್ದೆ. ಒಳಗೆ ಹೋದವಳು ತಿರುಗಿ ಬಂದು, ಹಾಸಿನ ಎದುರು ಕೂತು, ನಾನೂ ಒಂದು ಕೇಳಿದೆ.

"ಮಾವ, ನಿಮ್ಮ ಕಾಫಿಗೆ ಸಕ್ಕರೆಯಾದ್ರೆ ಆನೆ. ಬೆಲ್ಲ ಆದ್ರೆ ರೀಲು."

ಅವರು ರೀಲನ್ನು ಮುಟ್ಟಿದರು. ಅದಲುಬದಲು ಮಾಡಿ ಕೇಳಿದೆ. ಆನೆಯನ್ನು ಮುಟ್ಟಿದರು. ಆಸ್ಪತ್ರೆಯಿಂದ ಬಂದಂದಿನಿಂದ ಆ ದಿನದವರೆಗೆ, ಏಳು ತಿಂಗಳು, ನಾನು ಅವರಿಗೆ ಸಕ್ಕರೆ ಹಾಕಿಯೇ ಕೊಟ್ಟಿದ್ದೆ.